ಶಿರಸಿಯ ಆರನೇ ಕ್ಲಾಸು ಅಮೆರಿಕದಲ್ಲಿ ಯಾವ ಶಾಲೆಗೆ?

ತಂಗಿ, ಮಗಳು ಶಿರಸಿಯಲ್ಲಿ ಐದನೇ ಕ್ಲಾಸ್ ಮುಗಿಸಿದ್ದಾಳೆ, ಮಗನದ್ದು ಯುಕೆಜಿ ಆಗಿದೆ, ಆಗಸ್ಟಿನಲ್ಲಿ ಅಮೆರಿಕಕ್ಕೆ ಬಂದಾಗ ಇಬ್ಬರನ್ನೂ ಒಂದೇ ಎಲಿಮೆಂಟರಿ ಸ್ಕೂಲಿಗೆ ಹಾಕಬಹುದಾ ಅಂತ ಕೇಳಿದ್ದೀಯ. ಹೆಚ್ಚಿನ ಕಡೆ ಆಗುವುದಿಲ್ಲ.

ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಎಲಿಮೆಂಟರಿ ಅಂದರೆ 1ರಿಂದ 8. ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳರವರೆಗೂ ಮಕ್ಕಳು ಒಂದೇ ಕಡೆ ಇರುತ್ತಾರೆ. ಇಲ್ಲಿ ಎಲಿಮೆಂಟರಿ ಸಾಮಾನ್ಯವಾಗಿ ಕಿಂಡರ್‌ಗಾರ್ಟನ್‌ನಿಂದ 5ನೇ ಗ್ರೇಡ್‌ವರೆಗೆ. 6ರಿಂದ 8 ಮಿಡಲ್ ಸ್ಕೂಲ್, ಆಮೇಲೆ 12ರವರೆಗೆ ಹೈಸ್ಕೂಲ್. ಕೆಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ (ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) 6 ಕೂಡ ಎಲಿಮೆಂಟರಿಯಲ್ಲೇ ಇದೆ. ಮಗನನ್ನು ಕಿಂಡರ್‌ಗಾರ್ಟನ್‌ಗೋ ಒಂದನೇ ಗ್ರೇಡಿಗೋ ಅನ್ನುವುದು ಹುಟ್ಟಿದ ತಾರೀಖಿನ ಮೇಲೆ ಹೋಗುತ್ತದೆ. ಅದರ ಗಡುವು ರಾಜ್ಯಕ್ಕೊಂದು.

ಎಲಿಮೆಂಟರಿಯಲ್ಲಿ ಹೆಚ್ಚಿನ ಪಾಠಗಳಿಗೆ ಒಬ್ಬರೇ ಟೀಚರ್, ಒಂದೇ ಕೋಣೆ. ಮಿಡಲ್ ಸ್ಕೂಲಿನಲ್ಲಿ ಬೆಲ್ ಹೊಡೆದಾಗ ಟೀಚರ್ ಬರುವುದಿಲ್ಲ, ಮಕ್ಕಳೇ ಕೋಣೆಯಿಂದ ಕೋಣೆಗೆ ಹೋಗಬೇಕು. ಹೊಸ ದೇಶ, ಹೊಸ ಭಾಷೆ, ಮೇಲೆ ಇದು. ಮಗಳಿಗೆ ಈಗಲೇ ಹೇಳಿಡು.

ಸರ್ಕಾರಿ ಶಾಲೆಗೆ ಫೀಸ್ ಇಲ್ಲ, ಆದರೆ ಸಾಮಾನ್ಯವಾಗಿ ಮನೆ ವಿಳಾಸದ ಮೇಲೆ ಶಾಲೆ ನಿಗದಿಯಾಗುತ್ತದೆ. ರಸ್ತೆಯ ಆಚೆ ಬದಿಯ ಮನೆಗೆ ಬೇರೆ ಶಾಲೆ ಇರಬಹುದು. ಹಾಗಾಗಿ ಬಾಡಿಗೆ ಮನೆಗೆ ಸಹಿ ಹಾಕುವ ಮೊದಲು ಆ ವಿಳಾಸಕ್ಕೆ ಯಾವ ಎಲಿಮೆಂಟರಿ, ಯಾವ ಮಿಡಲ್ ಸ್ಕೂಲ್ ಅಂತ ಸ್ಕೂಲ್ ಡಿಸ್ಟ್ರಿಕ್ಟ್ ಆಫೀಸಿನಲ್ಲಿ ಕೇಳು. ಮನೆ ಚೆನ್ನಾಗಿದೆ ಅಂತ ಸುಮ್ನೆ ಮುಂಗಡ ಕೊಟ್ಟುಬಿಡಬೇಡ.

ಜನನ ಪ್ರಮಾಣಪತ್ರ, ಟಿಸಿ, ಅಂಕಪಟ್ಟಿ ತರಬೇಕು. ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಮಾಡಿಸಿಕೋ. ತಾಯಿ ಕಾರ್ಡ್, ಲಸಿಕೆ ಪುಸ್ತಕ ಮರೆಯಬೇಡ. ಚಿಕನ್‌ಪಾಕ್ಸ್ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇಲ್ಲ, ಇಲ್ಲಿ ಹೆಚ್ಚಿನ ಕಡೆ ಶಾಲೆಗೆ ಸೇರಿಸುವಾಗ ಕೇಳುತ್ತಾರೆ. ಶಿರಸಿಯಲ್ಲೇ ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ ಹಾಕಿಸಿಬಿಡು.

ಇನ್ನೊಂದು ವಿಷಯ, ನನಗೆ ಇದು ಎಲ್ಲಕ್ಕಿಂತ ಜಾಸ್ತಿ ಮುಖ್ಯ. ಸೇರಿಸುವ ಫಾರ್ಮಿನಲ್ಲಿ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಕೇಳುತ್ತಾರೆ. ಮಗು ಹಿಂದೆ ಬೀಳುತ್ತದೆ ಅಂತ ಹೆದರಿ ನಮ್ಮವರೇ ಎಷ್ಟೋ ಜನ ಇಂಗ್ಲಿಷ್ ಅಂತ ಬರೆಯುತ್ತಾರೆ. ಕನ್ನಡ ಅಂತಲೇ ಬರೆ. ಆಗ ಅವರು ಮಗುವಿನ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಬೇಕಿದ್ದರೆ ಹೆಚ್ಚಿನ ಪಾಠ ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಅದು ನಿನ್ನ ಮಕ್ಕಳ ಹಕ್ಕು. ಇಂಗ್ಲಿಷ್ ಕಮ್ಮಿ ಅಂತ ಒಂದು ಗ್ರೇಡ್ ಕೆಳಗೆ ಹಾಕೋಣ ಅಂದರೆ ಕೂಡಲೇ ಒಪ್ಪಬೇಡ. ವಯಸ್ಸಿಗೆ ತಕ್ಕ ಗ್ರೇಡೇ ಕೊಡಿ ಅಂತ ಕೇಳು.