ಬಗ್ಗಿದ ಮನೆ, ವಾಲಿದ ಮನೆ

ಪ್ರಶ್ನೆ: ಸಾರ್, ಮಗಳನ್ನ ನೋಡೋಕೆ ಅಂತ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿದ್ವಿ. ಅಲ್ಲಿ ಕಾಲುವೆ ದಂಡೆಯ ಹಳೇ ಮನೆಗಳು ರಸ್ತೆ ಕಡೆ ಬಗ್ಗಿ ನಿಂತಿವೆ, ತುದೀಲಿ ಒಂದು ಕೊಕ್ಕೆ ಬೇರೆ. ಬೀಳಲ್ವಾ?

ಉತ್ತರ: ಮುಂದಕ್ಕೆ ಬಗ್ಗಿರೋದು ನೋಡಿ ಹೆದರಬೇಡಿ, ಬಹುಪಾಲು ಮನೆಗಳನ್ನ ಬೇಕಂತಲೇ ಹಾಗೆ ಕಟ್ಟಿದ್ದು. 17ನೇ ಶತಮಾನದಲ್ಲಿ ಇವೆಲ್ಲ ವ್ಯಾಪಾರಸ್ಥರ ಮನೆ, ಸಂಸಾರ ಕೆಳಗೆ, ಸರಕು ಅಟ್ಟದ ಮೇಲೆ. ನೀರಿನ ಕಡೆ ಮುಖ ಇರೋ ಜಾಗ ಎಲ್ರಿಗೂ ಬೇಕು, ಹಾಗಾಗಿ ಸೈಟು ಕಿರಿದು, ಮನೆ ಹಿಂದಕ್ಕೆ ಉದ್ದ, ಮೆಟ್ಟಿಲಂತೂ ಏಣಿ ಥರ ಕಡಿದು. ಆ ಮೆಟ್ಟಿಲಲ್ಲಿ ಮೂಟೆ ಹೊತ್ಕೊಂಡು ಹತ್ತೋದುಂಟಾ! ಅದಕ್ಕೇ ತುದೀಲಿ ತೊಲೆ ಹೊರಗೆ ಚಾಚಿ ಕೊಕ್ಕೆ ಹಾಕಿ, ರಾಟೆಗೆ ಹಗ್ಗ ಕಟ್ಟಿ ದೋಣಿಯಿಂದ ಇಳಿಸಿದ ಸರಕನ್ನ ಹೊರಗಡೆಯಿಂದಲೇ ಎಳ್ಕೊಳ್ತಿದ್ರು, ಗೋಡೆ ಮುಂದಕ್ಕೆ ಬಗ್ಗಿದ್ರೆ ತೂಗಾಡೋ ಮೂಟೆ ಕಿಟಕಿಗೆ ಬಡಿಯಲ್ಲ. ಈಗ್ಲೂ ಮನೆ ಬದಲಾಯಿಸುವಾಗ ಸೋಫಾ, ಬೀರು ಕಿಟಕಿಯಿಂದಲೇ ಒಳಗೆ ಹೋಗೋದು ಉಂಟು.

ಪಕ್ಕಕ್ಕೆ ವಾಲಿದ್ರೆ ಮಾತ್ರ ಕಥೆ ಬೇರೆ. ಊರು ನಿಂತಿರೋದೇ ಕೆಸರು ಮಣ್ಣಿನ ಮೇಲೆ, ಗಟ್ಟಿ ಮರಳು ಸಿಗೋ ತನಕ ಮರದ ಕಂಬ ಬಡಿದು ಅದರ ಮೇಲೆ ಗೋಡೆ ಎಬ್ಬಿಸ್ತಿದ್ರು. ಡ್ಯಾಮ್ ಚೌಕದ ಅರಮನೆ (ಮೊದಲು ಅದು ಟೌನ್ ಹಾಲ್) ಕೆಳಗೆ 13,659 ಕಂಬ ಇವೆಯಂತೆ, ಅಲ್ಲಿನ ಮಕ್ಕಳು ನೆನಪಿಟ್ಕೊಳ್ಳೋದು ಹೇಗೆ ಗೊತ್ತಾ, ವರ್ಷದ ದಿನ 365, ಅದರ ಎಡಕ್ಕೆ ಒಂದು 1, ಬಲಕ್ಕೆ ಒಂದು 9! ಕಂಬ ಪೂರ್ತಿ ನೀರಲ್ಲಿ ಮುಳುಗಿದ್ರೆ ಶತಮಾನ ಕಳೆದ್ರೂ ಗಟ್ಟಿ, ಅಂತರ್ಜಲ ಇಳಿದು ತಲೆಗೆ ಗಾಳಿ ತಾಕ್ತೋ, ಕೊಳೆಯೋಕೆ ಶುರು. ಒಂದು ಕಡೆ ಕುಸಿದ್ರೆ ಮನೆ ಪಕ್ಕದ ಮನೆಗೆ ಭುಜ ಕೊಟ್ಟು ನಿಲ್ಲುತ್ತೆ, ಪಾಪ ಅದೂ ಎಷ್ಟು ದಿನ ತಡೆದೀತು.

ನೀವು ನೋಡಿದ ಮೆಟ್ಟಿಲು ಆಕಾರದ, ಗಂಟೆ ಆಕಾರದ ನೆತ್ತಿಗಳೆಲ್ಲ ಬರೀ ಶೋಕಿ, ಹಿಂದಿರೋ ಇಳಿಜಾರು ಮಾಡನ್ನ ಮುಚ್ಚೋಕೆ. ನಂಗೆ ಅದಕ್ಕಿಂತ ಕುತೂಹಲ ಹಿಂಭಾಗದ ಮೇಲೆ. ಎಷ್ಟೋ ಮನೆಗಳ ಹಿಂದೆ ಇನ್ನೊಂದು ಕಟ್ಟಡ ಇರುತ್ತೆ, ರಸ್ತೆಯಿಂದ ಕಾಣೋದೇ ಇಲ್ಲ. ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಕುಟುಂಬ ನಾಜಿಗಳ ಕಣ್ಣು ತಪ್ಪಿಸಿ 1942ರಿಂದ ಎರಡು ವರ್ಷ ಬಚ್ಚಿಟ್ಕೊಂಡಿದ್ದು ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆ ದಂಡೆಯ ಅಂಥದ್ದೇ ಒಂದು ಹಿಂಬದಿ ಮನೇಲಿ, ಬಾಗಿಲಿಗೆ ಪುಸ್ತಕದ ಕಪಾಟು ಅಡ್ಡ ಇಟ್ಟು.