ಶಿರಸಿ ಕಡೆ ಹೈಸ್ಕೂಲ್ ಕುಸ್ತಿ ಕೋಚ್ ಆಗಿ ಬದುಕು ಕಟ್ಟಿಕೊಳ್ಳಬಹುದಾ?

ನಿಮ್ಮ ತಮ್ಮ ಕಾಲೇಜಿನವರೆಗೂ ಕುಸ್ತಿ ಆಡಿದ್ದಾನೆ, ಈಗ ಬಿ.ಪಿ.ಎಡ್ (ದೈಹಿಕ ಶಿಕ್ಷಣದ ಪದವಿ) ಓದುತ್ತಿದ್ದಾನೆ, ಮುಂದೆ ಹೈಸ್ಕೂಲ್ ಮಕ್ಕಳಿಗೆ ಕುಸ್ತಿ ಕಲಿಸಿ ಹೆಸರು ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಶಿರಸಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕ. ಕುಸ್ತಿ ಕಲಿಸುತ್ತಲೇ ಕೂದಲು ಹಣ್ಣಾಗಿದೆ.

ಖಂಡಿತ ಮಾಡಬಹುದು. ಆದರೆ ನಮ್ಮ ಶಾಲೆಗಳಲ್ಲಿ ಸಂಬಳ ಬರುವುದು ದೈಹಿಕ ಶಿಕ್ಷಕ ಅಂತ, ಕುಸ್ತಿ ಕೋಚ್ ಅಂತಲ್ಲ. ಕಬಡ್ಡಿ, ಖೋ-ಖೋ, ವಾಲಿಬಾಲ್, ಆಗಸ್ಟ್ 15ರ ಕವಾಯತು ಎಲ್ಲ ಮುಗಿದ ಮೇಲೆ ಉಳಿದ ಹೊತ್ತು ಕುಸ್ತಿಗೆ.

ಎಂಟನೇ ತರಗತಿಗೆ ಬಂದ ಮಗು ಹತ್ತು ಮುಗಿಸಿ ಹೊರಟುಬಿಡುತ್ತದೆ. ನಮ್ಮ ಕೈಗೆ ಸಿಗುವುದು ಮೂರೇ ವರ್ಷ. ಆ ಮೂರು ವರ್ಷದಲ್ಲಿ ಏನು ಕಲಿಸುತ್ತೀರಿ ಅನ್ನೋದೇ ಎಲ್ಲ. ಒಂದೇ ಒಂದು ಪಟ್ಟು ಗಟ್ಟಿಯಾಗಿ ಕಲಿಸಿದರೆ ಮಗು ತಾಲ್ಲೂಕು ಮಟ್ಟದಲ್ಲಿ ಗೆದ್ದು ಬರುತ್ತದೆ. ಆದರೆ ಕುಸ್ತಿಗೆ ಹೆಸರಾದ ಹಳಿಯಾಳ ಕೂಡ ನಮ್ಮ ಶಿರಸಿ ಶೈಕ್ಷಣಿಕ ಜಿಲ್ಲೆಯಲ್ಲೇ ಇದೆ. ಜಿಲ್ಲಾ ಮಟ್ಟಕ್ಕೆ ಹೋದ ಕೂಡಲೇ ಗರಡಿಯಲ್ಲಿ ಬೆಳೆದ ಮಕ್ಕಳು ಎದುರಾಗುತ್ತಾರೆ. ಅದನ್ನೂ ದಾಟಿದರೆ ವಿಭಾಗ ಮಟ್ಟದಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆಯವರು. ಅಲ್ಲಿ ಒಂದು ಪಟ್ಟು ನಡೆಯುವುದಿಲ್ಲ. ಅದಕ್ಕೇ ನಾನು ಮೊದಲ ವರ್ಷ ಪಟ್ಟಿನ ಮಾತೇ ಎತ್ತುವುದಿಲ್ಲ. ಪೆಟ್ಟಾಗದ ಹಾಗೆ ಬೀಳುವುದು, ಕುತ್ತಿಗೆ ಬಲ, ಬಗ್ಗಿ ನಿಲ್ಲುವ ರೀತಿ, ಕಾಲಿಗೆ ಕೈ ಹಾಕಿದವನಿಂದ ತಪ್ಪಿಸಿಕೊಳ್ಳುವುದು, ಇಷ್ಟೇ. ಪದಕ ಯಾವಾಗ ಅಂತ ಪಾಲಕರು ಕೇಳುತ್ತಾರೆ, ಕೇಳಲಿ.

ಇನ್ನೊಂದು ವಿಷಯ, ಮಣ್ಣು ಬೇರೆ, ಮ್ಯಾಟ್ ಬೇರೆ. ಮಣ್ಣಿನ ಕುಸ್ತಿಯಲ್ಲಿ ಚಿತ್ ಆಗುವವರೆಗೂ ಕಾಯಬಹುದು. ಮ್ಯಾಟ್ ಮೇಲೆ ವೃತ್ತದಿಂದ ಹೊರಗೆ ಕಾಲಿಟ್ಟರೂ ಎದುರಾಳಿಗೆ ಒಂದು ಅಂಕ. ಫ್ರೀಸ್ಟೈಲ್‌ನಲ್ಲಿ 10 ಅಂಕಗಳ ಅಂತರ ಬಿದ್ದರೆ ಪಂದ್ಯವೇ ಮುಗಿಯಿತು. ಜಾತ್ರೆ ಕುಸ್ತಿ ಗೆದ್ದ ಹುಡುಗರು ಇಲ್ಲಿ ಗಲಿಬಿಲಿಯಾಗುವುದು ಜಾಸ್ತಿ. ತಮ್ಮ ಎರಡನ್ನೂ ಕಲಿಸಲಿ.

ತೂಕದ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಕಡಿಮೆ ತೂಕದ ವಿಭಾಗದಲ್ಲಿ ಸುಲಭವಾಗಿ ಗೆಲ್ಲಲಿ ಅಂತ ಬೆಳೆಯುವ ಮಕ್ಕಳಿಗೆ ಊಟ, ನೀರು ಬಿಡಿಸುವವರಿದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ರಾತ್ರಿಯಿಡೀ ಕಷ್ಟಪಟ್ಟರೂ ತೂಕ 100 ಗ್ರಾಂ ಹೆಚ್ಚಿಗೆ ಉಳಿದು, ಫೈನಲ್ ಆಡಲಾಗಲಿಲ್ಲ. ಅಷ್ಟು ಪಳಗಿದವರಿಗೇ ಹಾಗಾದರೆ ಹದಿನಾಲ್ಕರ ಮಗುವಿನ ಗತಿ ಏನು? ಮಗು ಯಾವ ತೂಕಕ್ಕೆ ಬೆಳೆಯುತ್ತದೋ ಆ ತೂಕದಲ್ಲೇ ಆಡಲಿ, ಸೋತರೂ ಅಡ್ಡಿಯಿಲ್ಲ.

ಮಗುವಿನಲ್ಲಿ ನಿಜವಾದ ಕಸುವು ಕಂಡರೆ ಬೇರೆಡೆಗೆ ಬಿಟ್ಟುಕೊಡಲು ಗಟ್ಟಿ ಮನಸ್ಸು ಬೇಕು. ಹಳಿಯಾಳದಲ್ಲಿ ಕುಸ್ತಿಗೆಂದೇ ಸರ್ಕಾರಿ ಕ್ರೀಡಾ ನಿಲಯ ಇದೆ. ಅಲ್ಲಿ ಸಿಗುವ ಜೊತೆಗಾರರು ನಮ್ಮ ಶಾಲೆಯಲ್ಲಿ ಸಿಗುವುದಿಲ್ಲ. ಮಗು ಹೋದರೆ ಶಾಲೆಗೆ ಬರುವ ಪದಕ ತಪ್ಪುತ್ತದೆ ನಿಜ. ಆದರೂ ಆಯ್ಕೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ನನ್ನ ಲೆಕ್ಕದಲ್ಲಿ ಒಳ್ಳೆಯ ಹೈಸ್ಕೂಲ್ ಕೋಚ್ ಅಂದರೆ ಹೀಗೆ ಕಳಿಸಿಕೊಡುವವನು.

ಇನ್ನು ತಮ್ಮನ ಓದು. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಒಂದು ವರ್ಷದ ಕೋಚಿಂಗ್ ಡಿಪ್ಲೊಮಾ ಮಾಡಿದರೆ ಶಾಲೆಯ ಆಚೆಗೂ ಕೋಚ್ ಕೆಲಸ ಹುಡುಕಬಹುದು. ಅಷ್ಟು ಬಿಡುವಿಲ್ಲದಿದ್ದರೆ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಕೂಡ ಇದೆ. ಅದಕ್ಕೂ ಮೊದಲು ರಜೆಯಲ್ಲಿ ಊರಿನ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸ್ವಲ್ಪ ದಿನ ಸುಮ್ನೆ ಬೀಳುವುದನ್ನು ಹೇಳಿಕೊಡಲಿ. ಅದರಲ್ಲಿ ಅವನಿಗೆ ಖುಷಿ ಸಿಕ್ಕರೆ ಅರ್ಜಿ ಹಾಕಲಿ.