ಚಿಕ್ಕಮ್ಮನ ಮನೆ ಬೇಸ್ಮೆಂಟು ಫ್ರೀ ಏನಲ್ಲ

ಅಮೆರಿಕದ ಒಹಾಯೊದಲ್ಲಿ ಮೆಡಿಕಲ್ ಓದ್ತಿರೋ ದಾವಣಗೆರೆ ಕಡೆ ಹುಡುಗಿ ಈ ಅಂಕಣಕ್ಕೆ ಬರೆದಿರೋ ಪತ್ರ ಓದಿ ತಲೆ ಕೆಟ್ಟೋಯ್ತು ನಂಗೆ. ಪುಟ್ಟಿ, ಕೋಪ ನಿನ್ ಮೇಲಲ್ಲ, ಯಾರ ಮೇಲೆ ಅಂತ ಮುಂದೆ ಹೇಳ್ತೀನಿ.

ವಿಷಯ ಇಷ್ಟು. ಎಮರ್ಜೆನ್ಸಿ ಮೆಡಿಸಿನ್ನೇ ಬೇಕು ಅಂತಿದೀಯ, ಜುಲೈ ತಿಂಗಳು ನಿಮ್ ಕಾಲೇಜಿನ ಆಸ್ಪತ್ರೇಲೇ, ಆಗಸ್ಟ್‌ನ ನಾಲ್ಕು ವಾರ "ಅವೇ ರೊಟೇಷನ್"ಗೆ, ಅಂದ್ರೆ ಬೇರೆ ಊರಿನ ಆಸ್ಪತ್ರೇಲಿ ಹೋಗಿ ಕೆಲಸ ಕಲಿಯೋಕೆ, ಎರಡು ಕಡೆ ಆಫರ್ ಬಂದಿದೆ. ಒಂದು ಶಿಕಾಗೋದ ಸ್ಟ್ರೋಜರ್, ಅದೇ ಹಳೇ ಕುಕ್ ಕೌಂಟಿ ಆಸ್ಪತ್ರೆ, ಇನ್ನೊಂದು ನ್ಯೂಜೆರ್ಸಿಲಿ. ರೆಸಿಡೆನ್ಸಿ (ಓದು ಮುಗಿದ ಮೇಲೆ ಆಸ್ಪತ್ರೇಲಿ ಮಾಡೋ ಸ್ಪೆಷಲಿಸ್ಟ್ ತರಬೇತಿ) ಮಾಡೋ ಆಸೆ ಶಿಕಾಗೋಲಿ, ಆದ್ರೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಚಿಕ್ಕಮ್ಮನ ಮನೆ ಇದೆ, ಬೇಸ್ಮೆಂಟ್ ರೂಮು, ಊಟ ತಿಂಡಿ ಎಲ್ಲಾ ಫ್ರೀ, ಯಾವ್ದು ಒಪ್ಕೊಳ್ಳಿ ಅಂತ ಕೇಳ್ತಿದೀಯ.

ಇಷ್ಟೆಲ್ಲ ಬರೆದು ಬ್ರಾಕೆಟ್ ಒಳಗೆ ಒಂದು ಸಾಲು ತುರುಕಿದೀಯ ನೋಡು, "ಸಂಜೆ ಅವಳಿ ಮಕ್ಕಳನ್ನ ಸ್ವಲ್ಪ ನೋಡ್ಕೊಂಡ್ರೆ ಸಾಕು ಅಂದಿದಾರೆ" ಅಂತ. ಇಡೀ ಪತ್ರದಲ್ಲಿ ಅಸಲಿ ವಿಷಯ ಅದೇ ಕಣೇ! ಎಮರ್ಜೆನ್ಸಿಲಿ ಸಂಜೆ ಅಂತ ಒಂದಿರತ್ತಾ? ಇವತ್ತು ಬೆಳಗ್ಗೆ ಏಳಕ್ಕೆ ಶಿಫ್ಟು, ನಾಡಿದ್ದು ಮಧ್ಯಾಹ್ನ ಮೂರಕ್ಕೆ, ಆಮೇಲೆ ನೈಟು. ನೈಟ್ ಮುಗಿಸ್ಕೊಂಡು ಬಂದು ಮುಸುಕು ಹಾಕ್ಕೊಂಡು ಮಲಗಿರ್ತೀಯ, ಮೇಲ್ಗಡೆ ಮಕ್ಕಳೆರಡೂ ಸೋಫಾದಿಂದ ಧುಮುಕ್ತಿರ್ತವೆ, ಚಿಕ್ಕಮ್ಮ ಬಾಗಿಲು ತಟ್ಟಿ "ಎದ್ಯೇನಮ್ಮ, ಅರ್ಧ ಗಂಟೆ ಅಷ್ಟೇ" ಅಂತಾರೆ. ಅವತ್ತು ಶಿಫ್ಟಲ್ಲಿ ಎದೆನೋವಿನ ಪೇಷಂಟ್ ಕೇಸ್ ಹೇಳ್ತಿರುವಾಗ ಅಟೆಂಡಿಂಗು, ಅಂದ್ರೆ ಮೇಲ್ವಿಚಾರಣೆ ಮಾಡೋ ಹಿರಿಯ ಡಾಕ್ಟ್ರು, "ಹಳೇ ಇಸಿಜಿ ಜೊತೆ ಹೋಲಿಸಿ ನೋಡಿದ್ಯಾ" ಅಂದ್ರೆ ತಡಬಡಿಸ್ತೀಯ. ಅದೆಲ್ಲ ಹೋಗಿ ಸೇರೋದು ರೊಟೇಷನ್ ಮುಗಿದ ಮೇಲೆ ಅವರು ಬರೆಯೋ ಸ್ಲೋ (SLOE) ಅನ್ನೋ ಶಿಫಾರಸು ಲೆಟರಿಗೆ, ಅದು ಸುಮ್ನೆ "ಒಳ್ಳೆ ಹುಡುಗಿ" ಅಂತ ಬರೆಯೋ ಪತ್ರ ಅಲ್ಲ, ಜೊತೆಗಿರೋ ಬೇರೆ ಸ್ಟೂಡೆಂಟುಗಳಿಗೆ ಹೋಲಿಸಿ ನೀನೆಲ್ಲಿ ನಿಲ್ತೀಯ ಅಂತ ಟಿಕ್ ಮಾಡೋ ಫಾರ್ಮು, ಇಂಟರ್‌ವ್ಯೂಗೆ ಕರೆಯೋರು ಮುಖ್ಯವಾಗಿ ನೋಡೋದೇ ಅದನ್ನ.

ಇನ್ನು ಚಿಕ್ಕಪ್ಪ. "ಎಮರ್ಜೆನ್ಸಿ ಸೀಟೆಲ್ಲ ಖಾಲಿ ಬಿದ್ದಿರತ್ತೆ, ಎಲ್ಲಿ ಮಾಡಿದ್ರೂ ಸಿಗತ್ತೆ" ಅಂದ್ರಂತೆ. ಐಟಿ ಮಹಾಶಯರೇ, 2023ರ ಮ್ಯಾಚಲ್ಲಿ (ಅಮೆರಿಕದಲ್ಲಿ ರೆಸಿಡೆನ್ಸಿ ಸೀಟು ಹಂಚೋ ವ್ಯವಸ್ಥೆ) ಎಮರ್ಜೆನ್ಸಿದು 554 ಸೀಟು ಖಾಲಿ ಉಳೀತು ನಿಜ, ಮರುವರ್ಷನೇ 135ಕ್ಕೆ ಇಳೀತಲ್ಲ, ಅದ್ಯಾಕೆ ಹೇಳ್ಲಿಲ್ಲ? ಚಿಕ್ಕಮ್ಮನ ಬಗ್ಗೆ ನಂಗೆ ಅಯ್ಯೋ ಅನ್ಸತ್ತೆ, ಅವಳಿ ಮಕ್ಕಳು ಅಂದ್ರೆ ತಮಾಷೆನಾ. ಆದ್ರೆ ಆ ಮಕ್ಕಳಿಗೆ ಒಬ್ಬ ಅಪ್ಪ ಇದಾನೆ, ಅವನ ಸಂಜೆಗಳು ಎಲ್ಹೋದ್ವು? ಬೇಬಿಸಿಟರ್ ದುಡ್ಡು ಉಳಿಸೋಕೆ ಹೆಂಡ್ತಿ ಅಕ್ಕನ ಮಗಳ ಕರಿಯರ್ರು! ನೆಂಟರ ಮನೇಲಿ ಬಾಡಿಗೆ ಇರಲ್ಲ ಅಂತ ಯಾರೂ ನಂಬ್ಬೇಡಿ ಅಂತ ಈ ಅಂಕಣದಲ್ಲಿ ಹೇಳ್ತಾನೇ ಇರ್ತೀನಿ, ಅದು ದುಡ್ಡಲ್ಲಿ ಇರಲ್ಲ ಅಷ್ಟೇ.

ನ್ಯೂಜೆರ್ಸಿ ಆಸ್ಪತ್ರೆ ಕೆಟ್ಟದು ಅಂತ ನಾನಂತಿಲ್ಲ. ಆದ್ರೆ ಅವೇ ರೊಟೇಷನ್ ಮಾಡೋದು ಅಂದ್ರೆ ನಾಲ್ಕು ವಾರದ ಇಂಟರ್‌ವ್ಯೂ ಇದ್ದಂಗೆ, ಇರ್ಬೇಕು ಅಂತ ಆಸೆ ಇರೋ ಊರಲ್ಲೇ ಕೊಡ್ಬೇಕು ತಾನೆ? ಆಗಸ್ಟಲ್ಲಿ ಮುಗಿದ್ರೆ ಸೆಪ್ಟೆಂಬರ್ ಕೊನೇಲಿ ಆಸ್ಪತ್ರೆಯೋರು ರೆಸಿಡೆನ್ಸಿ ಅಪ್ಲಿಕೇಶನ್ ತೆಗೆದು ನೋಡೋ ಹೊತ್ತಿಗೆ ಲೆಟರೂ ಸೇರ್ಕೊಳತ್ತೆ. ಲೆಟರನ್ನ ಡಿಪಾರ್ಟ್‌ಮೆಂಟಿನೋರೆಲ್ಲ ಸೇರಿ ಬರೀತಾರಾ, ಒಬ್ರೇನಾ ಅಂತ ರೊಟೇಷನ್ ಕೋಆರ್ಡಿನೇಟರಿಗೆ ಒಂದು ಮೇಲ್ ಹಾಕಿ ಕೇಳ್ಕೊ, ಎಲ್ಲರೂ ಸೇರಿ ಬರೆದ್ರೆ ತೂಕ ಜಾಸ್ತಿ.

ಮಾಡೋ ಕೆಲಸ ಒಂದೇ. ಇವತ್ತು ರಾತ್ರಿ ಶಿಕಾಗೋ ಆಫರ್ ಅಕ್ಸೆಪ್ಟ್ ಮಾಡು, ಆಮೇಲೆ ಚಿಕ್ಕಮ್ಮಂಗೆ ಫೋನ್ ಮಾಡು. ಕೇಳೋಕಲ್ಲ, ಹೇಳೋಕೆ. ಚಿಕ್ಕಪ್ಪ ಫೋನ್ ಇಸ್ಕೊಂಡ್ರೆ ಸಿಗ್ನಲ್ ಇಲ್ಲ ಅಂತ ಇಟ್ಬಿಡು.